ತೂಬಿನ ಕಲ್ಲಿಗೆ ಎರಡು ಹೆಗಲು

ಆ ಊರಿನಲ್ಲಿ ಯಾರೂ ಕಂಬಳಿಯನ್ನು ಮೈತುಂಬ ಹೊದೆಯುವಂತಿರಲಿಲ್ಲ. ಮಳೆ ಬರಲಿ, ಚಳಿ ಬರಲಿ, ಕಂಬಳಿ ಒಂದೇ ಹೆಗಲ ಮೇಲಿರಬೇಕು. ಇನ್ನೊಂದು ಹೆಗಲು ನೆನೆಯಬೇಕು. ಎಡಹೆಗಲು, ಇಲ್ಲವೇ ಬಲಹೆಗಲು. ಪ್ರಾಯಕ್ಕೆ ಬಂದ ದಿನ ಊರ ಕಟ್ಟೆಯ ಮುಂದೆ ನಿಂತು ಏರಿಸಿಕೊಂಡ ಕಂಬಳಿ ಸುಡುಗಾಡಿನಲ್ಲಿ ಮಾತ್ರ ಇಳಿಯುತ್ತಿತ್ತು.

ಊರ ಮೇಲುಗಡೆ ಕೆರೆ. ಕೆರೆಗೆ ಮಣ್ಣಿನ ಏರಿ. ಏರಿಯ ನಡುವೆ ತೂಬು. ತೂಬಿನ ಬಾಯಿಗೆ ಒಂದು ಕಲ್ಲು. ಕಲ್ಲು ಎತ್ತಿದರೆ ನೀರು ಕಾಲುವೆಗೆ ಇಳಿಯುತ್ತದೆ. ಕಲ್ಲು ಇಳಿಸಿದರೆ ನೀರು ಕೆರೆಯಲ್ಲೇ ನಿಲ್ಲುತ್ತದೆ. ಆ ಊರಿನ ಜಗಳವೆಲ್ಲ ಆ ಒಂದು ಕಲ್ಲಿನದು.

ಎಡಹೆಗಲವರು ಕೂಗುತ್ತಿದ್ದರು: "ತೆರೆಯಿರಿ, ಎಲ್ಲರಿಗೂ ಹರಿಯಲಿ!"

ಬಲಹೆಗಲವರು ಕೂಗುತ್ತಿದ್ದರು: "ಮುಚ್ಚಿರಿ, ಊರಿನದು ಊರಲ್ಲಿರಲಿ!"

ಎರಡು ಕೂಗಿಗೂ ಒಂದೊಂದು ಗಾಯವಿತ್ತು. ಒಂದು ವರ್ಷ ಕಲ್ಲು ಮುಚ್ಚಿಯೇ ಇದ್ದು, ಏರಿ ಜಾರಿ, ಅದರ ಬುಡದಲ್ಲಿದ್ದ ತಗ್ಗಿನ ಕೇರಿಯ ಒಂದು ಸಾಲು ಮನೆ ಕೊಚ್ಚಿಹೋಗಿತ್ತು. ಇನ್ನೊಂದು ವರ್ಷ ಕಲ್ಲು ತೆರೆದೇ ಇದ್ದು, ಕೆರೆ ಬತ್ತಿ, ಎಮ್ಮೆಗಳು ಬಿರುಕುಬಿಟ್ಟ ತಳದಲ್ಲಿ ಮೂಗು ಊರಿ ಸತ್ತಿದ್ದವು. ಗಾಯ ಮಾಯ್ದಿತ್ತು. ಕೂಗು ಮಾಯಲಿಲ್ಲ.

ಪ್ರತಿ ವರ್ಷ ಮುಂಗಾರಿನ ಮೊದಲ ಗುಡುಗು ಕೇಳಿದ ಕೂಡಲೇ ಕಟ್ಟೆಯ ಮೇಲೆ ತಕ್ಕಡಿ ಏರುತ್ತಿತ್ತು. ತಕ್ಕಡಿಯ ಎರಡು ತಟ್ಟೆಯಲ್ಲಿ ಎರಡು ಮಡಕೆ. ಊರಿನವರು ಒಬ್ಬೊಬ್ಬರಾಗಿ ಬಂದು ನಿಲ್ಲಬೇಕು. ತೂಗುವವನು ಅವರ ಕಂಬಳಿಯ ಹೆಗಲಿಗೆ ಬೆರಳಿನಿಂದ ಸುಣ್ಣ ಹಚ್ಚಿ, ಆ ಕಡೆಯ ಮಡಕೆಗೆ ಒಂದು ಹುಣಿಸೆ ಬೀಜ ಹಾಕುತ್ತಿದ್ದ. ಕೊನೆಗೆ ತಕ್ಕಡಿ ಎತ್ತುತ್ತಿದ್ದ. ಹಗುರಾದವರು ಬಾಯಿಯ ಮೇಲೆ ಅಂಗೈ ಇಟ್ಟುಕೊಳ್ಳಬೇಕು. ಕಲ್ಲಿನ ಕೆಲಸ ಮುಗಿಯುವತನಕ ತೆಗೆಯುವಂತಿಲ್ಲ. ಭಾರವಾದವರನ್ನು ತೂಗುವವನು ಕೇಳಬೇಕು: "ಹೇಳಿ ತೂಕದವರೇ, ಕಲ್ಲಿಗೆ ಏನು ಮಾತು?" ಅವರ ಕಡೆಯಿಂದ ಜೋರಾಗಿ ಕೇಳಿದ ಮಾತೇ ಕಲ್ಲಿನ ಮಾತು.

ಕೇಳಬೇಕು ಎನ್ನುವುದು ಕಟ್ಟಳೆ. ಆದರೆ ಕೇಳಿದ್ದನ್ನು ಕೇಳಿಸಿಕೊಂಡವರು ಯಾರೂ ಇರಲಿಲ್ಲ. ತಟ್ಟೆ ವಾಲಿದ ಕ್ಷಣವೇ ಗೆದ್ದವರ ಡೊಳ್ಳು ಏಳುತ್ತಿತ್ತು. ಎಡ ಗೆದ್ದರೆ ತೆರೆಯುವುದು, ಬಲ ಗೆದ್ದರೆ ಮುಚ್ಚುವುದು. ಗೊತ್ತಿರುವುದನ್ನು ಕೇಳಿಸಿಕೊಳ್ಳುವುದೇನು?

ಆ ಊರಿನಲ್ಲಿ ಹಗ್ಗದವಳು ಇದ್ದಳು. ತೂಬಿನ ಕಲ್ಲಿಗೆ ಕಟ್ಟಿದ ಹಗ್ಗ ಅವಳು ಹೊಸೆದದ್ದು. ಊರಿನ ಡೊಳ್ಳುಗಳಿಗೆ ಬಿಗಿದ ಹುರಿಯೂ ಅವಳದೇ. ಹುಡುಗಿಯಾಗಿದ್ದಾಗ ತಾಯಿತಂದೆ ಇಲ್ಲದೆ ಬಂದವಳು, ದಾರಿಬದಿಯ ಕತ್ತಾಳೆಯನ್ನು ಕೊಯ್ದು, ಕೊಳೆಸಿ, ನಾರು ಬಿಡಿಸಿ, ತೊಡೆಯ ಮೇಲೆ ಹೊಸೆದು ಬದುಕಿದವಳು. ಯಾರ ಮುಂದೆಯೂ ಸೆರಗೊಡ್ಡಲಿಲ್ಲ. ಅಕ್ಷರವನ್ನೂ ಯಾರೂ ಕಲಿಸಲಿಲ್ಲ. ಕಟ್ಟೆಯ ಕಲ್ಲಿನಲ್ಲಿ ಕೊರೆದ ಬರಹದ ಮೇಲೆ ದಿನವೂ ಬೆರಳಾಡಿಸಿ, ಹೋಗಿಬರುವವರು ಓದಿದ್ದನ್ನು ಕದ್ದು ಕೇಳಿ, ತಾನೇ ಕೂಡಿಸಿಕೊಂಡು ಕಲಿತಳು. ಅವಳು ಬದುಕಿನಲ್ಲಿ ಓದಿದ ಮೊದಲ ಮಾತು ಇದು:

ಎಲ್ಲ ಊರಿನ ಎಡಹೆಗಲು ಒಂದೇ ಹೆಗಲು. ಎಲ್ಲ ಊರಿನ ಬಲಹೆಗಲು ಒಂದೇ ಹೆಗಲು.

ಮೊದಲು ಓದಿದ ಮಾತನ್ನು ಯಾರು ಅನುಮಾನಿಸುತ್ತಾರೆ? ಅವಳು ಎಡಹೆಗಲಿಗೆ ಕಂಬಳಿ ಏರಿಸಿಕೊಂಡಳು. ಏರಿಸಿಕೊಂಡವಳು ನಿದ್ದೆಯಲ್ಲೂ ಮಗ್ಗುಲು ಬದಲಿಸಲಿಲ್ಲ ಎಂದು ಜನ ನಗುತ್ತಿದ್ದರು.

ಅವಳಿಗೆ ಒಬ್ಬಳೇ ಮಗಳು. ಆ ಮಗಳು ಪ್ರಾಯಕ್ಕೆ ಬಂದ ದಿನ ಊರೆಲ್ಲ ನೋಡುತ್ತಿದ್ದಂತೆ ಕಂಬಳಿಯನ್ನು ಬಲಹೆಗಲಿಗೆ ಎಸೆದುಕೊಂಡಿದ್ದಳು. "ಕಾರಣ ಏನು?" ಎಂದು ತೂಗುವವನು ಕೇಳಿದಾಗ, "ಅವ್ವನದು ಎಡಕ್ಕಿದೆಯಲ್ಲ, ಅದೇ ಕಾರಣ," ಎಂದಿದ್ದಳು. ಅಂದಿನಿಂದ ಹಗ್ಗದವಳು ಮಗಳ ಹೊಸ್ತಿಲು ದಾಟಿರಲಿಲ್ಲ.

ಆ ವರ್ಷ ಮಳೆ ಗುಡುಗಿಗೂ ಮುಂಚೆಯೇ ಬಂತು. ಬಂದದ್ದು ಹೋಗಲಿಲ್ಲ. ಕೆರೆ ತುಂಬಿತು. ಏರಿ ಬೆವರಿತು. ಹಗ್ಗದವಳು ಏರಿಯ ಇಳಿಜಾರಿನಲ್ಲಿ ಕೂತು, ಒಸರುವ ನೀರನ್ನು ಅಂಗೈಯಲ್ಲಿ ಹಿಡಿದು ನೋಡಿದಳು. ನಂತರ ನೇರ ತಗ್ಗಿನ ಕೇರಿಗೆ ನಡೆದು, ಮಗಳ ಹೊಸ್ತಿಲ ಹೊರಗೆ ನಿಂತಳು. ಮಗಳು ತುಂಬಿದ ಬಸುರಿ, ಗೋಡೆಗೆ ಒರಗಿ ಕೂತಿದ್ದಳು. ಪಕ್ಕದಲ್ಲಿ ಸೂಲಗಿತ್ತಿ ಎಲೆ ಅಡಿಕೆ ಕುಟ್ಟುತ್ತಿದ್ದಳು.

"ಏಳು. ಮೇಲಿನ ಕೇರಿಗೆ ಹೋಗೋಣ. ಏರಿ ಬೆವರ್ತಾ ಇದೆ."

"ಪ್ರತಿ ವರ್ಷ ಬೆವರುತ್ತೆ ಅವ್ವ."

"ಈ ಸಲ ಬೆವರಲ್ಲಿ ಮಣ್ಣಿದೆ. ಮುಟ್ಟಿ ನೋಡಿದೀನಿ."

"ನಮ್ಮ ಬಲಹೆಗಲವರೂ ಮುಟ್ಟಿ ನೋಡಿದಾರೆ. ಗಟ್ಟಿ ಇದೆ ಅಂದ್ರು."

"ನಿಮ್ಮವರ ಅಂಗೈಗೆ ಚರ್ಮ ಇದೆಯೋ, ಮೆಟ್ಟಿನ ಅಟ್ಟೆ ಹೊಲಿಸಿಕೊಂಡಿದಾರೋ?"

ಮಗಳಿಗೆ ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕಳು. "ಈ ಭಾರ ಹೊತ್ತುಕೊಂಡು, ಎಡಹೆಗಲವರು ಹೆದರಿಸಿದರು ಅಂತ ನಾನು ಗುಡ್ಡ ಹತ್ತಲ್ಲ. ಕಲ್ಲು ಎತ್ತಿಸೋ ಹಾಗಿದ್ರೆ ಎತ್ತಿಸು. ಇಲ್ಲಾಂದ್ರೆ ಒಳಗೆ ಬಂದು ಕೂತ್ಕೊ. ಬಿಸಿ ರೊಟ್ಟಿ ಇದೆ."

"ನೀವಾದ್ರೂ ಹೇಳಿ," ಎಂದು ಹಗ್ಗದವಳು ಸೂಲಗಿತ್ತಿಯ ಕಡೆ ತಿರುಗಿದಳು.

"ನಾನು ಹೇಳೋದು ಹೊಟ್ಟೆಗೆ ಮಾತ್ರ ಕಣವ್ವ, ಹೆಗಲಿಗಲ್ಲ," ಎಂದಳು ಸೂಲಗಿತ್ತಿ. "ಈ ಹೊಟ್ಟೆ ಇನ್ನು ಬಹಳ ದಿನ ಕಾಯಲ್ಲ. ಇವಳನ್ನ ಎತ್ಕೊಂಡು ಹೋಗೋಕಾಗಲ್ಲ, ನಡಿ ಅಂದ್ರೆ ನಡಿಯಲ್ಲ. ನಿನ್ನ ಮಗಳಲ್ವಾ."

ಹಗ್ಗದವಳು ಒಳಗೆ ಹೋಗಲಿಲ್ಲ. ಕಟ್ಟೆಗೆ ಹೋದಳು.

ಅಷ್ಟರಲ್ಲಿ ಮೊದಲ ಗುಡುಗು ಕೇಳಿ ಕಟ್ಟೆಯಲ್ಲಿ ತಕ್ಕಡಿ ಎದ್ದಿತ್ತು. ಕೊನೆಯ ಬೀಜ ಅವಳದು. ತೂಗುವವನು ಕೈ ಮೇಲೆತ್ತಿ ನಿಂತಿದ್ದ. ಎಡತಟ್ಟೆ ಇಳಿಯಿತು, ಏರಿತು. ಬಲತಟ್ಟೆ ಇಳಿಯಿತು, ಏರಿತು. ಆಮೇಲೆ ಎರಡೂ ನಿಂತವು. ಒಂದೇ ಮಟ್ಟ. ಯಾರ ನೆನಪಿನಲ್ಲೂ ಹಾಗಾಗಿರಲಿಲ್ಲ.

"ಸಮತೂಕ!" ಎಂದು ಕೂಗಿದ ತೂಗುವವನು. "ಕಲ್ಲಿನ ಬರಹದಂತೆ, ಬೇರೆ ಊರಿನಿಂದ ನಿಮ್ಮ ನಿಮ್ಮ ಹೆಗಲವರನ್ನು ಕರೆದು ತನ್ನಿ. ಯಾರ ಮಡಕೆ ಭಾರವಾಗುತ್ತೋ ನೋಡೋಣ. ಅಲ್ಲಿಯತನಕ ಕಲ್ಲನ್ನು ಯಾರೂ ಮುಟ್ಟಬಾರದು."

ಬಲಹೆಗಲವರ ಮುಂದಾಳು ಕಹಳೆಯವನು. ಅವನಿಗೂ ಹಗ್ಗದವಳಿಗೂ ಪ್ರತಿ ವರ್ಷ ಇದೇ ಕಟ್ಟೆಯಲ್ಲಿ ಮಾತಿಗೆ ಮಾತು ಹತ್ತುತ್ತಿತ್ತು. ಅವನು ಮೀಸೆಯಲ್ಲೇ ನಕ್ಕ. "ನಾವ್ಯಾಕೆ ಊರೂರು ಅಲೆಯೋಣ? ಕಲ್ಲು ಹೇಗಿದ್ರೂ ಕೆಳಗೇ ಇದೆ. ಹೋಗಿಬನ್ನಿ ಹಗ್ಗದವ್ವ, ಕಾಲಿಗೆ ಎಣ್ಣೆ ಹಚ್ಚಿಕೊಂಡು ಹೋಗಿ."

"ನಾನು ಎಣ್ಣೆ ಹಚ್ಚಿ ನಡೆಯೋಳಲ್ಲ ಕಹಳೆಯಣ್ಣ. ನೀನು ಕಹಳೆ ತೊಳೆದಿಟ್ಟುಕೊ. ನಾನು ಬರೋ ಹೊತ್ತಿಗೆ ಊದೋಕೆ ಬೇಕಾಗುತ್ತೆ."

ಎಡಹೆಗಲಿನ ಹಿರಿಯ ಅವಳ ತಲೆ ಮುಟ್ಟಿ ಹರಸಿದ. ಅವಳು ಹೊರಟಳು. ತಾನು ಮೊದಲು ಓದಿದ ಮಾತು ಈಗ ಎದ್ದು ನಿಂತು ತನ್ನ ಕೆಲಸಕ್ಕೆ ಬರುತ್ತದೆ! ಗುಡ್ಡದಾಚೆ ತನ್ನ ಹೆಗಲು ಇದೆ! ಅವಳು ಮಳೆಯಲ್ಲಿ ಹಾಡುತ್ತ ನಡೆದಳು.

ಮೊದಲು ಸಿಕ್ಕಿದ್ದು ಉಪ್ಪಿನ ಊರು. ಅಲ್ಲಿಯೂ ಕೆರೆ, ಅಲ್ಲಿಯೂ ತೂಬು, ಅಲ್ಲಿಯೂ ತಕ್ಕಡಿ. ಹುಣಿಸೆ ಬೀಜದ ಬದಲು ಉಪ್ಪಿನ ಹರಳು, ಅಷ್ಟೇ. ಅವಳ ಎಡಹೆಗಲನ್ನು ಕಂಡದ್ದೇ ಅಲ್ಲಿನ ಎಡಹೆಗಲವರು ಓಡಿಬಂದು ತಬ್ಬಿಕೊಂಡರು. "ಅಕ್ಕಾ! ನಮ್ಮ ಹೆಗಲಕ್ಕಾ!" ಕಾಲಿಗೆ ನೀರು ಕೊಟ್ಟರು. ಮಜ್ಜಿಗೆ ಕೊಟ್ಟರು. ಅವಳು ಹಾಡಿದ ಹಾಡೇ ಅವರ ಹಾಡೂ ಆಗಿತ್ತು. ಅವಳ ಕಣ್ಣಲ್ಲಿ ನೀರು ತುಂಬಿತು.

"ಏನಾಗಬೇಕು ಹೇಳಕ್ಕ," ಎಂದರು.

"ನಮ್ಮೂರಿಗೆ ಬನ್ನಿ. ನಮ್ಮ ಮಡಕೆ ಭಾರ ಮಾಡಿ. ತೂಬಿನ ಕಲ್ಲು ಎತ್ತಿಸಬೇಕು."

ಮಜ್ಜಿಗೆ ಕೊಟ್ಟ ಕೈ ಹಾಗೇ ನಿಂತಿತು.

"ಎತ್ತಿಸೋದಾ?"

"ಎತ್ತಿಸೋದು. ತೆರೆಯೋದು. ನಮ್ಮ ಕೂಗು ಅದೇ ಅಲ್ವಾ?"

"ಎಡಹೆಗಲವಳಾಗಿ ತೆರೆಯೋ ಮಾತಾಡ್ತೀಯಾ?" ಎಂದು ಒಬ್ಬ ಹಿಂದೆ ಸರಿದ. "ನಮ್ಮೂರಲ್ಲಿ ಸಾಹುಕಾರರು ಕಲ್ಲು ಎತ್ತಿ ಎತ್ತಿ ಕೆರೆಯನ್ನೇ ಕೆಳಗಿನ ಸೀಮೆಗೆ ಮಾರಿಬಿಟ್ಟಿದ್ರು. ಬಡವರು ಕೊಡ ಹಿಡ್ಕೊಂಡು ಅತ್ತರು. ಆವತ್ತು ಹುಟ್ಟಿದ್ದು ಈ ಹೆಗಲು. ನಮ್ಮ ಕೂಗು ಗೊತ್ತಿಲ್ವಾ ನಿನಗೆ? 'ಮುಚ್ಚಿರಿ, ಎಲ್ಲರಿಗೂ ಉಳಿಯಲಿ!'"

"ನಮ್ಮದು 'ತೆರೆಯಿರಿ, ಎಲ್ಲರಿಗೂ ಹರಿಯಲಿ'!"

"ಎಲ್ಲರಿಗೂ ಅನ್ನೋದು ಸರಿಯಾಗಿದೆ," ಎಂದ ಇನ್ನೊಬ್ಬ, ತಲೆ ಕೆರೆದುಕೊಳ್ಳುತ್ತ. "ಮುಂದಿನ ಭಾಗ ಯಾರೋ ಕೆಡಿಸಿದಾರೆ."

ಆಮೇಲೆ ಅವರು ಅವಳ ಬಲಹೆಗಲನ್ನು ಒರೆಸಿ ನೋಡಿದರು, ಸುಣ್ಣದ ಗುರುತು ಅಡಗಿದೆಯೇನೋ ಎಂದು. ಗುರುತು ಇರಲಿಲ್ಲ. ಆದರೂ ಮಜ್ಜಿಗೆ ಲೋಟವನ್ನು ವಾಪಸ್ ತೆಗೆದುಕೊಂಡರು.

ಅವಳು ತಲೆ ತಗ್ಗಿಸದೆ ಊರು ದಾಟಿದಳು. ಹೊಳೆಯ ದಡದಲ್ಲಿ ಕೆಸರಿನ ಮೇಲೆ ದೋಣಿಗಳು ಹೊಟ್ಟೆಯೂರಿ ಮಲಗಿದ್ದವು. ಅವುಗಳ ಮೇಲೆ ಉಪ್ಪಿನ ಮೂಟೆ. ಮೂಟೆಯ ಮೇಲೆ ಒಬ್ಬಳು ಕಾಲು ಇಳಿಬಿಟ್ಟು ಕೂತು, ಕೆರೆಯ ಕಡೆ ತಿರುಗಿ ಗಂಟಲು ಹರಿಯುವಂತೆ ಕೂಗುತ್ತಿದ್ದಳು. "ತೆರೆಯಿರಿ! ದುಡಿದವರಿಗೆ ಹರಿಯಲಿ!"

ಹಗ್ಗದವಳ ಕಾಲು ನಿಂತಿತು. ತನ್ನ ಕೂಗು! ಓಡಿಹೋಗಿ ನೋಡಿದಳು. ಕೂಗುವವಳ ಕಂಬಳಿ ಬಲಹೆಗಲಿಗಿತ್ತು.

"ಏನಕ್ಕ ಹಾಗೆ ನೋಡ್ತೀಯಾ, ದೆವ್ವ ಕಂಡ ಹಾಗೆ?" ಎಂದಳು ಉಪ್ಪಿನವಳು. "ನೀರು ಬಿಟ್ಟರೆ ನಮ್ಮ ದೋಣಿ ಹೊರಡುತ್ತೆ. ಇಲ್ಲಾಂದ್ರೆ ಉಪ್ಪೆಲ್ಲ ಮಳೆಗೆ ಕರಗುತ್ತೆ. ನಮ್ಮ ಎಡಹೆಗಲವರು ಪ್ರತಿ ವರ್ಷ ಒಂದು ಹಿಡಿ ಹರಳಲ್ಲಿ ಗೆದ್ದು ಮುಚ್ಚಿಸ್ತಾರೆ. ನೀನೂ ಅವರ ಪೈಕೀನೇ ಅಲ್ವಾ, ಹೆಗಲು ನೋಡಿದ್ರೆ ಗೊತ್ತಾಗುತ್ತೆ."

"ನಾನು ತೆರೆಯೋ ಕಡೆಯವಳು."

"ತೆರೆಯೋ ಎಡಹೆಗಲು!" ಉಪ್ಪಿನವಳು ಮೂಟೆಯಿಂದ ಜಿಗಿದಳು. "ಕುಣಿಯೋ ಬಂಡೆ ಅನ್ನು, ನಂಬ್ತೀನಿ. ಜನ ಬೇಕಿದ್ರೆ ಕೇಳು. ತೆರೆಯೋದಾದ್ರೆ ಎಲ್ಲಿಗೆ ಬೇಕಾದ್ರೂ ಬರ್ತೀವಿ."

"ಬಲಹೆಗಲಿನ ನೆರವು ನನಗೆ ಬೇಡ."

"ಎಡಹೆಗಲಿಗೆ ನೆರವು ಕೊಡೋಳು ನಾನೂ ಅಲ್ಲ. ದಾರಿ ನೋಡ್ಕೊ ಅಕ್ಕ."

ಅವಳು ದಾರಿ ನೋಡಿಕೊಂಡಳು. ಸಿಟ್ಟಿನಲ್ಲಿ ನಡೆದಳು. ಹಿಂದೆ ಗುಡುಗಿದಾಗಲೆಲ್ಲ ಏರಿ ಒಡೆದ ಸದ್ದೇ ಇರಬೇಕೆಂದು ತಿರುಗಿ ನೋಡಿದಳು. ಮಗಳ ನಗು ಕಿವಿಯಲ್ಲಿತ್ತು.

ಮುಂದೆ ಸಿಕ್ಕಿದ್ದು ದೀಪದ ಊರು. ಅಲ್ಲಿ ಕೆರೆ ಇತ್ತು, ತೂಬಿನ ಕಲ್ಲೇ ಇರಲಿಲ್ಲ. ಎಲ್ಲಿ ಹೋಯಿತೋ ಯಾರೂ ಹುಡುಕಿರಲಿಲ್ಲ. ನೀರು ತನ್ನ ಪಾಡಿಗೆ ಬರುತ್ತಿತ್ತು, ಹೋಗುತ್ತಿತ್ತು. ಆದರೂ ಅಲ್ಲಿ ಎರಡು ಹೆಗಲಿನವರೂ ಬೀದಿಯ ಎರಡು ಬದಿ ನಿಂತು ಒಬ್ಬರನ್ನೊಬ್ಬರು ಬೈಯುತ್ತಿದ್ದರು. ಜಗಳ ದೀಪದ್ದು. ಸಂಜೆಯ ದೀಪ ಹೊಸ್ತಿಲ ಒಳಗಿರಬೇಕೋ, ಹೊರಗಿರಬೇಕೋ?

"ನೀನು ಎಡಹೆಗಲವಳಲ್ವಾ ತಾಯಿ, ಹೇಳು. ಒಳಗೋ, ಹೊರಗೋ?" ಎಂದು ಎರಡು ಕಡೆಯವರೂ ಅವಳನ್ನು ಮುತ್ತಿದರು.

"ನಮ್ಮೂರಲ್ಲಿ ಎಲ್ಲಿ ಬೇಕಾದ್ರೂ ಇಡ್ತೀವಿ."

"ಎಲ್ಲಿ ಬೇಕಾದ್ರೂ ಅಂತೆ!" ಎರಡು ಬದಿಯವರೂ ಒಂದೇ ದನಿಯಲ್ಲಿ ಕಿವಿ ಮುಚ್ಚಿಕೊಂಡರು. ಆ ಊರಿನಲ್ಲಿ ಎರಡು ಹೆಗಲೂ ಒಂದಾದದ್ದು ಅದೊಂದು ಸಲವೇ ಇರಬೇಕು.

ಬೀದಿಯ ಕೊನೆಯಲ್ಲಿ ಒಬ್ಬ ಮುದುಕ ಕೂತಿದ್ದ. ಅವನ ಕಂಬಳಿ ಬಲಕ್ಕಿತ್ತು, ಆದರೆ ಎಡಹೆಗಲ ಮೇಲೆ ಹಳೆಯ ಸುಣ್ಣದ ಕಲೆಯೂ ಇತ್ತು. ಅವಳು ಆ ಕಲೆಯನ್ನೇ ನೋಡಿದಳು.

"ಹೆಗಲು ಬದಲಿಸಿದ್ಯಾ ತಾತ?" ಅವಳ ದನಿಯಲ್ಲಿ ತಿರಸ್ಕಾರವಿತ್ತು.

"ನಾನು ಕೂತಲ್ಲಿಂದ ಎದ್ದೇ ಇಲ್ಲ ಮಗಳೇ," ಎಂದ ಮುದುಕ. "ಅಲ್ಲಿ ನೋಡು, ಮುರಿದುಬಿದ್ದ ಕಟ್ಟೆ. ಮೊದಲು ದೊರೆ ಅಲ್ಲಿ ಕೂರ್ತಿದ್ದ. ಅವನ ಎಡಕ್ಕೆ ಕೂತವರು ನಾವು, ಅದಕ್ಕೆ ಎಡಹೆಗಲು. ಆ ದೊರೆ ಹೋದ. ಹೊಸಬ ಬಂದು ಅದರ ಎದುರು ಬದಿಗೆ ಕಟ್ಟೆ ಕಟ್ಟಿಸಿದ. ನಾವು ಮುಖ ತಿರುಗಿಸಿದ್ವಿ, ಅಷ್ಟೇ. ತೂಗೋನು ಬಂದು, 'ನೀವೀಗ ಬಲ' ಅಂತ ಸುಣ್ಣ ಹಚ್ಚಿ ಹೋದ."

"ಮತ್ತೆ ನಿಮ್ಮ ಮಾತು?"

"ಮಾತು ಅದೇ. ಬೈಯೋರು ಬದಲಾದರು."

ಹಗ್ಗದವಳು ಅವನ ಪಕ್ಕ ಕೂತಳು. ತಾನು ಬೆರಳಿನಿಂದ ಓದಿದ ಬರಹ ಕಣ್ಣ ಮುಂದೆ ಬಂತು. ಕಲ್ಲಿನಲ್ಲಿ ಹೆಗಲಿನ ಮಾತು ಕೊರೆದಿದ್ದರು. ಬಾಯಿಯ ಮಾತು ಒಂದಕ್ಷರವೂ ಇರಲಿಲ್ಲ.

"ತಾತ, ನಿಮ್ಮೂರಲ್ಲಿ ಗೆದ್ದವರನ್ನ ಏನು ಬೇಕು ಅಂತ ಕೇಳ್ತಾರಾ?"

"ಕೇಳ್ತಾರೆ. ಕೇಳಿ ಮನೆಗೆ ಹೋಗ್ತಾರೆ. ಉತ್ತರಕ್ಕೆ ಯಾರು ನಿಲ್ತಾರೆ?"

ಅವಳು ನಗತೊಡಗಿದಳು. ಮೊದಲು ಮೆಲ್ಲಗೆ, ಆಮೇಲೆ ಮೈ ಕುಲುಕುವಂತೆ. ಮುದುಕನ ಕಾಲು ಮುಟ್ಟಿದಳು. ಎದ್ದಳು. ಓಡಿದಳು. ಬಂದ ದಾರಿಯಲ್ಲೇ, ಕೆಸರು ಹಾರಿಸುತ್ತ, ಕಂಬಳಿ ಹಿಂದೆ ಹಾರುತ್ತ, ಉಪ್ಪಿನ ಊರಿನ ದಡದತನಕ ಓಡಿದಳು. ಉಪ್ಪಿನವಳು ಇನ್ನೂ ಮೂಟೆಯ ಮೇಲೆಯೇ ಕೂತಿದ್ದಳು.

"ಬಾ," ಎಂದಳು ಹಗ್ಗದವಳು, ಏದುಸಿರಿನಲ್ಲಿ. "ನಿಮ್ಮ ಬಲಹೆಗಲವರು ಎಷ್ಟು ಜನ ಇದೀರೋ ಎಲ್ಲ ಬನ್ನಿ."

"ಅಕ್ಕಾ, ಮಳೆ ತಲೆಗೆ ಇಳೀತಾ? ನಾವು ಬಂದ್ರೆ ನಿಮ್ಮೂರ ಬಲಹೆಗಲಿನ ಮಡಕೆಗೆ ಬೀಳ್ತೀವಿ. ನೀನು ಸೋಲ್ತೀಯಾ."

"ಸೋಲ್ತೀನಿ."

"ಸೋತು?"

"ನಿಮ್ಮ ತೂಗೋನು ಗೆದ್ದವರನ್ನ ಏನು ಅಂತ ಕೇಳ್ತಾನೆ?"

"ಕಲ್ಲಿಗೆ ಏನು ಮಾತು ಅಂತ." ಉಪ್ಪಿನವಳ ಕಣ್ಣು ನಿಧಾನವಾಗಿ ಅರಳಿತು. "ಅಯ್ಯೋ."

"ನೀನು ಏನು ಹೇಳ್ತೀಯಾ?"

"ಹುಟ್ಟಿದಾಗಿಂದ ನನಗೆ ಬರೋದು ಒಂದೇ ಮಾತು."

"ಅದನ್ನೇ ಹೇಳು. ಜೋರಾಗಿ ಹೇಳು."

ಉಪ್ಪಿನವಳು ಕೈ ಕಟ್ಟಿ ನಿಂತಳು. "ಹೆಗಲು ಬದಲಿಸಿ ಅಂದ್ರೆ ನಮ್ಮವರು ಒಬ್ಬರೂ ಬರಲ್ಲ."

"ಬದಲಿಸಿದವರನ್ನ ನಾನೇ ವಾಪಸ್ ಕಳಿಸ್ತೀನಿ."

"ಅದೆಲ್ಲ ಸರಿ. ಎಡಹೆಗಲವಳ ಊರಿಗೆ ನಾನ್ಯಾಕೆ ಬರಲಿ?"

ಹಗ್ಗದವಳ ಬಳಿ ಉತ್ತರವಿತ್ತು. ಅದನ್ನು ಅವಳು ಯಾವ ಊರಿನಲ್ಲೂ ಬಾಯಿಬಿಟ್ಟು ಹೇಳಿರಲಿಲ್ಲ. ಈಗ ಹೇಳಿದಳು. "ನನ್ನ ಮಗಳು ಬಸುರಿ. ಏರಿಯ ಬುಡದಲ್ಲಿ ಮಲಗಿದಾಳೆ. ಏಳು ಅಂದ್ರೆ ಏಳಲ್ಲ." ಆಮೇಲೆ, "ಅವಳು ಬಲಹೆಗಲವಳು," ಎಂದಳು.

"ನಮ್ಮ ಹುಡುಗಿಯಾ!" ಉಪ್ಪಿನವಳು ಚೀರಿದಳು. "ಮೊದಲೇ ಬಾಯಿಬಿಡಬಾರದಿತ್ತಾ! ಏಳ್ರೋ! ಏಳ್ರೇ! ನಮ್ಮ ಹುಡುಗಿ ನೀರ ಕೆಳಗಿದಾಳೆ!"

ದಡವೆಲ್ಲ ಎದ್ದಿತು. ದೋಣಿಯ ಕೆಳಗಿನಿಂದ, ಮೂಟೆಯ ಹಿಂದಿನಿಂದ, ಉಪ್ಪಿನ ಗದ್ದೆಗಳಿಂದ, ಬಲಹೆಗಲಿನ ಕಂಬಳಿಗಳು ಎದ್ದೆದ್ದು ಬಂದವು. ಸಾಲು ಗುಡ್ಡ ಹತ್ತಿತು, ಗುಡ್ಡ ಇಳಿಯಿತು. ಸಾಲಿನ ಮುಂದೆ ಒಂದೇ ಒಂದು ಎಡಹೆಗಲು.

ಊರು ತಲುಪಿದಾಗ ಕೆರೆ ಏರಿಯ ಹುಬ್ಬಿಗೆ ಬಂದಿತ್ತು. ಏರಿಯಿಂದ ಒಸರುತ್ತಿದ್ದದ್ದು ಈಗ ಬೆವರಲ್ಲ, ಕೆಂಪು ಕೆಸರು. ತಗ್ಗಿನ ಕೇರಿಯ ಬೀದಿಯಲ್ಲಿ ಕೋಳಿಗಳು ಜಗಲಿ ಹತ್ತಿ ಕೂತಿದ್ದವು.

ಕಹಳೆಯವನು ಕಟ್ಟೆಯ ಮೇಲಿಂದ ಸಾಲನ್ನು ನೋಡಿದ. ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಆಮೇಲೆ ಕಹಳೆ ಎತ್ತಿ ಊದಿದ. "ನಮ್ಮ ಬಳಗ! ಹಗ್ಗದವ್ವ ನಮ್ಮ ಬಳಗಾನ ತಂದಿದಾಳೆ! ಬೆಲ್ಲ ತನ್ನಿ! ನೀರು ತನ್ನಿ!"

ಎಡಹೆಗಲಿನ ಹಿರಿಯ ಅವಳ ಕಾಲ ಬಳಿ ಉಗುಳಿದ. "ಹಗ್ಗ ಮಾರ್ತಾಳೆ ಅಂದ್ಕೊಂಡಿದ್ವಿ. ಊರನ್ನೇ ಮಾರ್ತಾಳೆ ಅಂತ ಗೊತ್ತಿರಲಿಲ್ಲ."

ಅವಳು ವಿವರಿಸಬಹುದಿತ್ತು. ವಿವರಿಸಿದರೆ ಕಟ್ಟೆಯ ಆಚೆ ಬದಿಗೂ ಕೇಳಿಸುತ್ತಿತ್ತು. ಅವಳು ಸುಮ್ಮನೆ ಹೋಗಿ ಸುಣ್ಣ ಹಚ್ಚಿಸಿಕೊಂಡಳು. ಎಡಹೆಗಲಿಗೆ.

ಹುಣಿಸೆ ಬೀಜ ಬಲಮಡಕೆಗೆ ಬಿತ್ತು, ಬಿತ್ತು, ಬೀಳುತ್ತಲೇ ಹೋಯಿತು. ತೂಗುವವನು ತಕ್ಕಡಿ ಎತ್ತಿದ. ಬಲತಟ್ಟೆ ದಡ್ಡನೆ ಕಟ್ಟೆಗೆ ಬಡಿಯಿತು. ಎಡಹೆಗಲವರು ಅಳುತ್ತ ಬಾಯಿಯ ಮೇಲೆ ಅಂಗೈ ಇಟ್ಟರು. ಹಗ್ಗದವಳೂ ಇಟ್ಟಳು.

ಕಹಳೆಯವನು ಉಪ್ಪಿನವಳ ಬಾಯಿಗೆ ಬೆಲ್ಲದ ಉಂಡೆ ಇಟ್ಟ. "ತಂಗೀ, ನಮ್ಮ ಜೊತೆ ಒಂದು ಕೂಗು ಕೂಗಿದ್ರೆ ಸಾಕು."

"ಕೂಗೋದನ್ನ ನಮಗೆ ಕಲಿಸಬೇಕಾ ಅಣ್ಣ?" ಎಂದಳು ಅವಳು, ಬೆಲ್ಲ ಅಗಿಯುತ್ತ.

ಹಗ್ಗದವಳು ಅವಳ ಬಾಯನ್ನೇ ನೋಡಿದಳು. ಬೆಲ್ಲ ತಿನ್ನುತ್ತಿದ್ದಾಳೆ! ಬಳಗದ ಕೈಯ ಬೆಲ್ಲ! ಇವಳು ಯಾರ ಕೂಗು ಕೂಗುತ್ತಾಳೆ? ಅಷ್ಟರಲ್ಲಿ ಅದಕ್ಕಿಂತ ದೊಡ್ಡ ಭಯ ಎದ್ದಿತು. ದೊಡ್ಡ ಡೊಳ್ಳಿನವನು ಕೋಲು ಎತ್ತಿದ್ದ. ಡೊಳ್ಳು ಎದ್ದರೆ ಯಾವ ಮಾತೂ ಕೇಳಿಸುವುದಿಲ್ಲ. ಬಲ ಗೆದ್ದಿದೆ, ಎಂದಿನಂತೆ ಕಲ್ಲು ಮುಚ್ಚಿಯೇ ಉಳಿಯುತ್ತದೆ!

ಅವಳ ಒಂದು ಕೈ ಬಾಯಿಯ ಮೇಲಿತ್ತು. ಇನ್ನೊಂದು ಕೈ ಖಾಲಿ ಇತ್ತು. ಅವಳು ಡೊಳ್ಳಿನವನ ಮಗ್ಗುಲಿಗೆ ನುಗ್ಗಿ, ತಾನೇ ಬಿಗಿದಿದ್ದ ಹುರಿಯ ಗಂಟಿಗೆ ಬೆರಳು ಹಾಕಿ ಎಳೆದಳು. ಕೋಲು ಚರ್ಮದ ಮೇಲೆ ಬಿತ್ತು. ಡೊಳ್ಳು ಹಳೆಯ ಹಾಸಿಗೆಯಂತೆ ಬೊಸ್ ಎಂದಿತು. ಅದಕ್ಕೇ ಕಾದಿದ್ದ ಉಳಿದ ಡೊಳ್ಳುಗಳೂ ಏಳಲಿಲ್ಲ.

ಮಳೆಯ ಸದ್ದು. ಏರಿಯ ಮೇಲೆ ಕೆರೆ ನೆಕ್ಕುವ ಸದ್ದು.

ತೂಗುವವನು ತನ್ನ ದನಿಯನ್ನು ಮೊದಲ ಸಲ ತಾನೇ ಕೇಳಿಸಿಕೊಂಡ. "ಹೇಳಿ ತೂಕದವರೇ, ಕಲ್ಲಿಗೆ ಏನು ಮಾತು?"

"ತೆರೆಯಿರಿ!" ಎಂದಳು ಉಪ್ಪಿನವಳು, ಬೆಲ್ಲದ ಬಾಯಲ್ಲಿ.

"ತೆರೆಯಿರಿ!" ಎಂದವು ಅವಳ ಹಿಂದಿನ ಬಲಹೆಗಲುಗಳೆಲ್ಲ. "ದುಡಿದವರಿಗೆ ಹರಿಯಲಿ! ತೆರೆಯಿರಿ!"

"ಮುಚ್ಚಿರಿ!" ಎಂದು ಕಹಳೆಯವನು ಅರಚಿದ. ಅವನ ಕಡೆಯವರೂ ಅರಚಿದರು. ಉಪ್ಪಿನ ಗಾಳಿ ಕುಡಿದ ಗಂಟಲುಗಳ ಮುಂದೆ ಅದು ಕೆಮ್ಮಿದಂತೆ ಕೇಳಿಸಿತು. "ತಂಗೀ, ಬಾಯಿ ತಪ್ಪಿತು ನಿನಗೆ!"

"ತಪ್ಪಿಲ್ಲವಲ್ಲ ಅಣ್ಣ. ಬಲಹೆಗಲಿನ ಮಾತು ಇದೇ ಅಲ್ವಾ?" ಉಪ್ಪಿನವಳಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ನೀವ್ಯಾಕೆ ಎಡಹೆಗಲವರ ಕೂಗು ಕೂಗ್ತಿದೀರಿ?"

ಆಗ ಇನ್ನೊಂದು ನಡೆಯಿತು. ಬಲಹೆಗಲವರು ತೆರೆಯಿರಿ ಎಂದದ್ದನ್ನು ಕಿವಿಯಾರೆ ಕೇಳಿದ ಎಡಹೆಗಲಿನ ಹಿರಿಯ, ಬಾಯಿಂದ ಅಂಗೈ ಕಿತ್ತು, "ಹಾಗಾದ್ರೆ ಮುಚ್ಚಿರಿ!" ಎಂದ. "ಮುಚ್ಚಿರಿ! ಮುಚ್ಚಿರಿ!" ಎಂದು ಅವನ ಹಿಂದಿನವರೂ ಎದ್ದರು.

"ಅಂಗೈ! ಅಂಗೈ!" ಎಂದು ತೂಗುವವನು ಕೋಲು ಬಡಿದ. "ಹಗುರಾದವರಿಗೆ ಬಾಯಿಲ್ಲ! ಮಾತು ಆಯಿತು. ಕಲ್ಲು ತೆರೆಯಲಿ!"

ಕಟ್ಟಳೆಯಂತೆ ಹಗ್ಗ ಹಿಡಿಯಬೇಕಾದವರು ಗೆದ್ದವರೇ. ಕಹಳೆಯವನೂ ಗೆದ್ದವನೇ. ಅವನು ಮುಖ ಹುಳಿ ಮಾಡಿಕೊಂಡು ಏರಿ ಹತ್ತಿ ಹಗ್ಗ ಹಿಡಿದ. ಉಪ್ಪಿನವರು ಹಿಡಿದರು. ಎಳೆದರು. ಕಲ್ಲು ಹೂಳಿನಲ್ಲಿ ಕಚ್ಚಿಕೊಂಡಿತ್ತು. ಮತ್ತೆ ಎಳೆದರು. ಏರಿಯಿಂದ ಒಂದು ಮಣ್ಣಿನ ಹೆಂಟೆ ಕಳಚಿ ತಗ್ಗಿನ ಕೇರಿಗೆ ಉರುಳಿತು.

ಹಗ್ಗದವಳು ಓಡಿಹೋಗಿ ಹಗ್ಗಕ್ಕೆ ಕೈ ಹಾಕಿದಳು.

"ನಿನ್ನದು ಎಡಹೆಗಲು!" ಎಂದ ತೂಗುವವನು.

ಅವಳು ಬಾಯಿಯ ಮೇಲಿನ ಅಂಗೈ ತೆಗೆದಳು. "ಹೆಗಲು ಎಡವೇ. ಹಗ್ಗ ನನ್ನದು. ಎಳೀರಿ!"

ಎಳೆದರು. ಅವಳ ಮುಂದೆ ಕಹಳೆಯವನ ಬೆನ್ನು, ಹಿಂದೆ ಉಪ್ಪಿನವಳ ಉಸಿರು. ಹಗ್ಗ ಕಿರುಗುಟ್ಟಿತು, ಹರಿಯಲಿಲ್ಲ. ಕಲ್ಲು ನರಳಿತು. ಮಿಸುಕಿತು. ಎದ್ದಿತು! ತೂಬಿನ ಬಾಯಿಂದ ನೀರು ಗೂಳಿಯಂತೆ ನುಗ್ಗಿ ಕಾಲುವೆಗೆ ಬಿತ್ತು. ಜನ ಒದ್ದೆ ಹೆಗಲು, ಒಣ ಹೆಗಲು ನೋಡದೆ ಒಬ್ಬರ ಮೇಲೊಬ್ಬರು ಬಿದ್ದು ಕೇಕೆ ಹಾಕಿದರು. ಕೆರೆ ಏರಿಯ ಹುಬ್ಬಿನಿಂದ ಇಳಿಯಿತು. ಕೆಸರು ಮತ್ತೆ ಬೆವರಾಯಿತು. ಬೆವರು ತೆಳ್ಳಗಾಯಿತು.

ಹಗ್ಗದವಳು ನಿಲ್ಲಲಿಲ್ಲ. ತಗ್ಗಿನ ಕೇರಿಗೆ ಓಡಿದಳು. ಬಾಗಿಲಲ್ಲಿ ಸೂಲಗಿತ್ತಿ ಕೈ ಒರೆಸಿಕೊಳ್ಳುತ್ತಿದ್ದಳು. ಒಳಗಿನಿಂದ ಸಣ್ಣ ಅಳು ಬರುತ್ತಿತ್ತು, ಸಿಟ್ಟಿನ ಅಳು. ಹಗ್ಗದವಳು ಹೊಸ್ತಿಲು ದಾಟಿದಳು.

ಮಗಳು ಕೂಸನ್ನು ಎದೆಗವಚಿ ಮಲಗಿದ್ದಳು. "ಸದ್ದು ಕೇಳ್ತು ಅವ್ವ. ಯಾರು ಗೆದ್ದರು?"

"ನಿಮ್ಮವರು," ಎಂದಳು ಹಗ್ಗದವಳು.

"ನಾನು ಹೇಳಿರಲಿಲ್ವಾ!" ಎಂದಳು ಮಗಳು, ಮುಖವೆಲ್ಲ ಬೆಳಗಿ.

ಹಗ್ಗದವಳು ಹಲ್ಲು ಕಚ್ಚಿದಳು. ಹೇಳಬೇಕಾದ ಮಾತು ಒಂದು ಕಣಜದಷ್ಟಿತ್ತು. ಒಂದನ್ನೂ ಹೇಳದೆ ಮೊಮ್ಮಗಳನ್ನು ಎತ್ತಿಕೊಂಡಳು. "ರೊಟ್ಟಿ ಇದೆಯಾ?" ಎಂದಳು.

ಮರುದಿನ ಬಿಸಿಲು ಬಂತು. ಉಪ್ಪಿನವರು ಹೊರಟು ನಿಂತರು. ಏರಿಯ ಮೇಲೆ ಉಪ್ಪಿನವಳು ಹಗ್ಗದವಳ ಕೈ ಹಿಡಿದುಕೊಂಡು, ತಗ್ಗಿದ ದನಿಯಲ್ಲಿ ಹೇಳಿದಳು. "ಅಕ್ಕಾ, ನಮ್ಮೂರಲ್ಲೂ ಇನ್ನೇನು ತಕ್ಕಡಿ ಏರುತ್ತೆ. ನನ್ನ ದೋಣಿಗಳು ಕೆಸರಲ್ಲೇ ಇವೆ. ನಮ್ಮ ಎಡಹೆಗಲವರು ಮತ್ತೆ ಗೆಲ್ತಾರೆ. ಚೆನ್ನಾಗಿ ಗೆಲ್ಲೋ ಹಾಗೆ ಮಾಡ್ತೀಯಾ?"

ಹಗ್ಗದವಳು ಕಣ್ಣು ಕಿರಿದು ಮಾಡಿದಳು. "ನಮ್ಮ ಎಡಹೆಗಲವರನ್ನೆಲ್ಲ ಕರ್ಕೊಂಡು ಬರ್ತೀನಿ."

"ನಿನ್ನೆ ಅವರು ಮುಚ್ಚಿರಿ ಅಂತ ಅರಚಿದ್ರಲ್ಲ?"

"ಅದು ನಿಮ್ಮ ಬಾಯಿಂದ ತೆರೆಯಿರಿ ಕೇಳಿದ್ದಕ್ಕೆ. ನಾವು ಅಲ್ಲಿಗೆ ಬಂದಾಗ ನೀವು ಬಲಹೆಗಲವರು ಮೊದಲು ಬಾಯಿಬಿಡಬೇಡಿ, ಅಷ್ಟೇ. ಇವರಿಗೂ ಹುಟ್ಟಿದಾಗಿಂದ ಬರೋದು ಒಂದೇ ಮಾತು."

ಇಬ್ಬರೂ ಒಬ್ಬರ ಹೆಗಲು ಒಬ್ಬರು ತಟ್ಟಿ ನಕ್ಕರು. ಒಬ್ಬಳದು ಎಡ, ಒಬ್ಬಳದು ಬಲ. ಎರಡೂ ಇನ್ನೂ ಒದ್ದೆ.

ಹಗ್ಗದವಳು ಕಟ್ಟೆ ಹತ್ತಿದಳು. ಕಂಬಳಿಯನ್ನು ಎಡಹೆಗಲಿಗೆ ಇನ್ನಷ್ಟು ಬಿಗಿಯಾಗಿ ಎಳೆದುಕೊಂಡಳು. "ಎಡಹೆಗಲವರೇ! ಉಪ್ಪಿನ ಊರಿನಲ್ಲಿ ನಮ್ಮ ಬಳಗದ ತಕ್ಕಡಿ ಏರ್ತಾ ಇದೆ! ಯಾರು ಬರ್ತೀರಿ?"

ಹಿರಿಯ ಇನ್ನೂ ಮುಖ ಊದಿಸಿಕೊಂಡಿದ್ದ. "ಗೆಲ್ಲಿಸೋಕಾ?"

"ಗೆಲ್ಲಿಸೋಕೆ."

"ಡೊಳ್ಳು ತಗೊಳ್ರೋ!" ಎಂದು ಅವನು ಎದ್ದುನಿಂತ.

ಸಡಿಲಾಗಿದ್ದ ದೊಡ್ಡ ಡೊಳ್ಳನ್ನು ಅವಳ ಮುಂದೆ ತಂದಿಟ್ಟರು. ಅವಳು ಹುರಿ ಎಳೆದು, ಚರ್ಮ ಬಿಗಿದು, ಬೆರಳಿನಿಂದ ತಟ್ಟಿ ನೋಡಿದಳು. ಗುಡುಗಿನಂತೆ ಮೊಳಗಿತು. ಕೊನೆಯ ಗಂಟನ್ನು ಯಾರ ಕೈಗೂ ಕೊಡದೆ ತಾನೇ ಹಾಕಿದಳು, ಒಂದೇ ಬೆರಳಿಗೆ ಬಿಚ್ಚುವ ಹಾಗೆ.